ಎಡಕ್ಕೊಂದು ಗೇಣು, ಬಲಕ್ಕೊಂದು ಗೇಣು

ಶ್ರಾವಣ ಹಿಡಿದು ಇನ್ನೂ ವಾರ ತುಂಬಿರಲಿಲ್ಲ. ಮುಂಜಾನೆ ಹಾಲಿನ ಗಾಡಿ ಕುಲಗೋಡ ಬಿಟ್ಟು ಹೋದ ಮೇಲೆ, ಶಾಲೆಯ ಮಕ್ಕಳು ಬೀದಿಗೆ ಇಳಿಯುವ ಮೊದಲು, ಒಂದು ಹೊತ್ತಿರುತ್ತದೆ. ಆ ಹೊತ್ತಿನಲ್ಲಿ ನಾವು ಹೆಂಗಸರು ಟಂಟಂ ಗಾಡಿಯಲ್ಲಿ ಒಬ್ಬರ ತೊಡೆಯ ಮೇಲೆ ಒಬ್ಬರು ಕುಳಿತು ಕಂಡವರ ಹೊಲಕ್ಕೆ ಕಸ ತೆಗೆಯಲು ಹೋಗುತ್ತೇವೆ. ಅಂದು ಜಿಟಿಜಿಟಿ ಮಳೆ ಹಿಡಿದಿತ್ತು. ಕಿಶೋರನ ಅರಿಷಿಣದ ಹೊಲದ ಬದಿಗೆ ಗಾಡಿ ನಿಂತಾಗ ಅವನು ನಮಗಿಂತ ಮೊದಲೇ ಬಂದು ಒಡ್ಡಿನ ಮೇಲೆ ನಿಂತಿದ್ದ. ಕಾಲ ಬಳಿ ಬಿದಿರಿನ ಗೂಟಗಳ ರಾಶಿ. ಒಂದೊಂದು ಗೂಟದ ತುದಿಗೆ ಒಂದೊಂದು ಬಣ್ಣದ ಅರಿವೆಯ ಚೂರು ಕಟ್ಟಿತ್ತು.

"ಬರ್ರಿ, ಬರ್ರಿ," ಅಂದ. "ಇವತ್ತಿಂದ ಹೊಸಾ ಪದ್ಧತಿ. ಒಬ್ಬೊಬ್ಬರಿಗೆ ಒಂದೊಂದು ಬಣ್ಣ. ನಿಮ್ಮ ಬಣ್ಣದ ಗೂಟ ಎಲ್ಲಿ ಐತಿ, ಅದು ನಿಮ್ಮ ಸಾಲು. ಎಷ್ಟು ಸಾಲು ಮುಗಸ್ತೀರಿ, ಅಷ್ಟು ಪಗಾರ. ಒಬ್ಬರ ಸಾಲಿಗೆ ಇನ್ನೊಬ್ಬರು ಕೈ ಹಚ್ಚಾಂಗಿಲ್ಲ."

"ಬಣ್ಣಾ ಆರಿಸೋರು ಯಾರ್ರಿ, ಸಾವ್ಕಾರ?" ಎಂದಳು ಕಸ್ತೂರಿ. ನಮ್ಮೊಳಗೆ ಎಲ್ಲರಿಗಿಂತ ಚುರುಕು ಕೈ ಅವಳದು, ಬಾಯಿ ಅದಕ್ಕಿಂತ ಚುರುಕು. "ನನಗ ಹಸರು ಕೊಡ್ರಿ. ಕೆಂಪು ಕೊಟ್ರ ನಿಮ್ಮ ಹೋರಿ ಬಂದು ಹಾದೀತು."

ಎಲ್ಲರೂ ನಕ್ಕರು, ಕಿಶೋರನೂ ನಕ್ಕ. ಅವನು ಕೆಟ್ಟ ಮನುಷ್ಯನಲ್ಲ. ಅವನ ಅಪ್ಪ ಕುರಿ ಕಾಯುತ್ತಿದ್ದವನು, ಅವ್ವ ಕೆಂಪವ್ವ ನಮ್ಮ ಜೊತೆಗೇ ಕೂಲಿಗೆ ಬರುತ್ತಿದ್ದವಳು. ಕುರಿ ಮಾರಿ ಹೊಲ ಕೊಂಡರು, ಹೊಲಕ್ಕೆ ಪೈಪು ಎಳೆದು ನೀರು ತಂದರು, ಮಗನನ್ನು ಓದಿಸಿದರು. ಅವನು ಗೋಕಾಕದಲ್ಲಿ ಬೀಜದ ಅಂಗಡಿಯೊಂದರಲ್ಲಿ ಕೆಲವು ವರ್ಷ ಇದ್ದು, ತಿರುಗಿ ಬಂದು ಅರಿಷಿಣ ಹಾಕಿದ್ದ. ಅವರ ಮನೆಯವರು ದುಡಿದದ್ದು ಸುಳ್ಳಲ್ಲ. ನಾನೇ ಕಣ್ಣಾರೆ ಕಂಡಿದ್ದೇನೆ.

ಅಲ್ಲವ್ವ ಮಾತ್ರ ನಗಲಿಲ್ಲ. ಹಳದಿ ಅರಿವೆಯ ಗೂಟ ಅವಳ ಪಾಲಿಗೆ ಬಂದಿತ್ತು. ಅದನ್ನು ಹಿಡಿದುಕೊಂಡು, ಹೊಲದ ಆ ತುದಿಯವರೆಗೆ ಒಮ್ಮೆ ನೋಡಿದಳು. ಆ ಗೂಟಗಳನ್ನೆಲ್ಲ ಕಿಶೋರ ಯಾರ ಸಲುವಾಗಿ ಕೆತ್ತಿಸಿದ್ದಾನೆಂದು ಅವಳಿಗೆ ಆಗಲೇ ತಿಳಿದಿತ್ತು.

ಅಲ್ಲವ್ವನಿಗೆ ಹಿಂದಿನ ವರ್ಷ ಆಪರೇಷನ್ ಆಗಿ ಗರ್ಭಚೀಲ ತೆಗೆದಿದ್ದರು. ಅಂದಿನಿಂದ ಕುಕ್ಕರಗಾಲಲ್ಲಿ ಬಹಳ ಹೊತ್ತು ಕೂರಲು ಆಗುತ್ತಿರಲಿಲ್ಲ. ಗೊಬ್ಬರದ ಖಾಲಿ ಚೀಲ ಮಡಚಿ ಮೊಣಕಾಲ ಕೆಳಗೆ ಹಾಕಿಕೊಂಡು, ಅದನ್ನು ಎಳೆದುಕೊಳ್ಳುತ್ತ ಮುಂದೆ ಸರಿಯುತ್ತಿದ್ದಳು. ಗಂಡ ರಾಜಪ್ಪ ಘಟಪ್ರಭಾ ಸ್ಟೇಷನ್ ಹತ್ತಿರದ ಗೋದಾಮಿನಲ್ಲಿ ಚೀಲ ಹೊರುವ ಹಮಾಲ. ಮಗಳು ಕಾಜಲ್ ಅದೇ ಊರಲ್ಲಿ ನರ್ಸಿಂಗ್ ಕಲಿಯುತ್ತಿದ್ದಳು. ಇಬ್ಬರ ದುಡಿಮೆ ಸೇರಿದರೆ ಮನೆ, ಔಷಧ, ಮಗಳ ಓದು ಹೇಗೋ ನಡೆಯುತ್ತಿತ್ತು. ಒಂದು ತಪ್ಪಿದರೆ ಮೂರರಲ್ಲಿ ಒಂದನ್ನು ಬಿಡಬೇಕು.

ಕಿಶೋರ ಬಹಳ ದಿನದಿಂದ ಶೆಡ್ಡಿನ ಬಾಗಿಲಲ್ಲಿ ನಿಂತು ನಮ್ಮನ್ನು ನೋಡಿದ್ದನಂತೆ. ಒಬ್ಬಳು ಅರ್ಧ ಕೆಲಸ ಮಾಡುತ್ತಾಳೆ, ಉಳಿದವರು ಅದನ್ನು ಮುಚ್ಚಿ ಹಾಕುತ್ತಾರೆ, ತಾನು ಮಾತ್ರ ಪೂರ್ತಿ ಪಗಾರ ಎಣಿಸುತ್ತೇನೆ ಎಂಬುದು ಅವನ ತೀರ್ಮಾನ. ನೋಡಿದ್ದು ಸರಿಯೇ ಇತ್ತು. ಅದು ಏನೆಂದು ಮಾತ್ರ ಅವನಿಗೆ ತಿಳಿದಿರಲಿಲ್ಲ.

ನನ್ನ ತವರು ಹುಕ್ಕೇರಿ ಕಡೆಯ ದಡ್ಡಿ ಎಂಬ ಊರು. ಅಲ್ಲಿ ನನ್ನ ಅವ್ವನ ಪಕ್ಕದ ಸಾಲಲ್ಲಿ ಕುಳಿತು ಇದನ್ನು ಕಲಿತೆ. ಕುಲಗೋಡಕ್ಕೆ ಸೊಸೆಯಾಗಿ ಬಂದರೆ ಇಲ್ಲಿಯೂ ಅದೇ ನಡೆ. ಹೆಂಗಸರು ಸಾಲು ಹಿಡಿದು ಕುಳಿತಾಗ ಯಾರಾದರೂ ಹಿಂದೆ ಬಿದ್ದರೆ, ಅವಳ ಎಡಕ್ಕೆ ಇದ್ದವಳು ತನ್ನ ಸಾಲಿನ ಜೊತೆ ಅವಳ ಸಾಲಿನದೊಂದು ಗೇಣು ಕಿತ್ತುಕೊಂಡು ಹೋಗುತ್ತಾಳೆ. ಬಲಕ್ಕೆ ಇದ್ದವಳೂ ಒಂದು ಗೇಣು. ಹಿಂದಿನವಳಿಗೆ ನಡುವಿನ ಪಟ್ಟಿ ಮಾತ್ರ ಉಳಿಯುತ್ತದೆ. ಹಾಗಾಗಿ ಎಲ್ಲರೂ ಒಟ್ಟಿಗೆ ಒಡ್ಡು ಮುಟ್ಟುತ್ತೇವೆ. ಬಸುರಿ, ಬಾಣಂತಿ, ಜ್ವರ ಬಂದವಳು, ರಾತ್ರಿ ಗಂಡನ ಕೈಲಿ ಹೊಡೆತ ತಿಂದವಳು, ಯಾರೇ ಇರಲಿ. ಹೊಸದಾಗಿ ಬಂದ ಹುಡುಗಿಯರಿಗೆ ಮೊದಲ ದಿನವೇ ಎರಡು ಮಾತು ಹೇಳಿಕೊಡುತ್ತೇವೆ. ಹಿಂದೆ ಬಿದ್ದವಳ ಮುಖ ನೋಡಬಾರದು, ಅವಳ ಸಾಲು ಮಾತ್ರ ನೋಡಬೇಕು. ಆಮೇಲೆ ಆ ಮಾತು ಎತ್ತಬಾರದು. ಸಂಜೆಗೂ ಇಲ್ಲ, ಮುಂದೆ ಎಂದಿಗೂ ಇಲ್ಲ.

ಅಂದು ಗೂಟದ ಪ್ರಕಾರ ಕುಳಿತೆವು. ಮಧ್ಯಾಹ್ನಕ್ಕೆ ಕಸ್ತೂರಿ ಎರಡನೆಯ ಸಾಲು ಮುಗಿಸಿ ಮೂರನೆಯದಕ್ಕೆ ಕೈ ಹಚ್ಚಿದ್ದಳು. ಅಲ್ಲವ್ವ ಹೊಲದ ನಡುವೆ ಒಬ್ಬಳೇ, ಬಿದ್ದ ಬಾಳೆ ಗೊನೆಯ ಹಾಗೆ, ಹಸಿರಿನಲ್ಲಿ ಕಾಣಿಸುತ್ತಿದ್ದಳು. ನಾನು ಅವಳ ಎಡಕ್ಕೆ ಇದ್ದೆ. ನನ್ನ ಕೈ ತಾನಾಗಿಯೇ ಅತ್ತ ಹೋಯಿತು.

"ಶೆಟ್ಟೆವ್ವಾಯಿ!" ಎಂದು ಕಿಶೋರ ಒಡ್ಡಿನಿಂದ ಕೂಗಿದ. "ಅದು ನಿಮ್ಮ ಸಾಲಲ್ಲ."

"ಬಿಡಬೇ ಆಯಿ," ಅಂದಳು ಅಲ್ಲವ್ವ, ತಲೆ ಎತ್ತದೆ. "ನನ್ನ ಸಲುವಾಗಿ ನೀ ಯಾಕ ಬೈಸ್ಕೋತಿ."

ಸಂಜೆ ಅವಳ ಕೈಗೆ ಅರ್ಧ ಪಗಾರ ಬಂತು. ಕಸ್ತೂರಿಗೆ ಎಂದೂ ಬಾರದಷ್ಟು ಬಂತು. ಟಂಟಂನಲ್ಲಿ ಕಸ್ತೂರಿ ಒಮ್ಮೆಯೂ ಬಾಯಿ ತೆರೆಯಲಿಲ್ಲ. ಅವಳು ಸುಮ್ಮನೆ ಕುಳಿತದ್ದನ್ನು ನಾನು ಕಂಡದ್ದು ಅಂದೇ.

ಮರುದಿನವೂ ಹಾಗೆಯೇ ಆಯಿತು. ಅದರ ಮರುದಿನ ಮುಂಜಾನೆ ಟಂಟಂ ಹತ್ತಿರ ಕಾಜಲ್ ಬಂದು ನಿಂತಿದ್ದಳು. ಕಾಲೇಜಿನ ಚೂಡಿಯ ಮೇಲೆ ಅಪ್ಪನ ಹಳೆಯ ತುಂಬುತೋಳಿನ ಅಂಗಿ, ತಲೆಗೆ ಟವೆಲ್ಲು, ಕೈಯಲ್ಲಿ ಕಸ ಕೀಳುವ ಕುರ್ಪಿ.

"ಇಳೀ ಕೆಳಗ," ಅಂದಳು ಅಲ್ಲವ್ವ.

"ಇನ್ನೂ ಹತ್ತೇ ಇಲ್ಲಲ್ಲಬೇ."

"ಹತ್ತೂಕಿಂತ ಮೊದ್ಲ ಇಳಿ. ನಿನ್ನ ಬಸ್ ಆ ಕಡೆ ನಿಲ್ಲತೈತಿ."

"ಮುಂದಿನ ಗುರುವಾರದವರೆಗೂ ಕ್ಲಾಸ್ ಇಲ್ಲಬೇ, ಯವ್ವಾ. ಗುರುವಾರ ದವಾಖಾನಿ ಡ್ಯೂಟಿ ಸುರು. ಅಲ್ಲೀತನಕಾ ಬರ್ತೇನಿ. ಆಮ್ಯಾಲ ನೋಡೂಣು."

"ಆಮ್ಯಾಲ ನೋಡೂದೇನು? ಡ್ಯೂಟಿಗೆ ಹೋಗದಿದ್ರ ವರ್ಷ ಹಾಳಾಗಿ ಹೊಕ್ಕೈತಿ ಅಂದಾಕಿ ನೀನ."

ಕಾಜಲ್ ಗಾಡಿ ಹತ್ತಿ ಕಸ್ತೂರಿಯ ತೊಡೆಯ ಮೇಲೆ ಕುಳಿತುಬಿಟ್ಟಳು. "ಅಯ್ಯ, ನರ್ಸಬಾಯಿ ಭಾಳ ತೂಕ ಅದಾಳ," ಎಂದು ಕಸ್ತೂರಿ ನಗೆಯಾಡಿದಳು. ಅಲ್ಲವ್ವ ನಗದಿದ್ದುದರಿಂದ ಆ ನಗೆ ಅಲ್ಲಿಗೇ ನಿಂತಿತು.

ಹುಡುಗಿಯ ಕೈ ಚೆನ್ನಾಗಿತ್ತು. ಅವ್ವನ ಸಾಲಿನಲ್ಲಿ ಇಬ್ಬರೂ ಕುಳಿತರು; ಒಂದೇ ಗೂಟಕ್ಕೆ ಎರಡು ಜೊತೆ ಕೈ ಆದರೂ ಕಿಶೋರ ಏನೂ ಅನ್ನಲಿಲ್ಲ. ಶನಿವಾರ ಬುತ್ತಿ ಬಿಚ್ಚುವ ಹೊತ್ತಿಗೆ ಅವನು ಮನೆಯಿಂದ ಮಾವಿನಕಾಯಿ ಉಪ್ಪಿನಕಾಯಿ ತಂದು ಎಲ್ಲರ ರೊಟ್ಟಿಯ ಮೇಲೂ ಹಾಕಿ, ತಾನೂ ಶೆಡ್ಡಿನ ಕಟ್ಟೆಯ ಮೇಲೆ ಕುಳಿತ. ಅವನ ಅವ್ವ ಕೆಂಪವ್ವನೂ ಅಂದು ಛತ್ರಿ ಹಿಡಿದು ಬಂದಿದ್ದಳು. ಈಗ ಮೊಣಕಾಲು ನೋವು, ಹೊಲಕ್ಕೆ ಬರುವುದು ಅಪರೂಪ.

"ಕಾಜಲ್, ನಿನಗೊಂದು ಮಾತು ಹೇಳ್ತೇನಿ," ಅಂದ ಕಿಶೋರ. "ನನಗ ಇಲ್ಲಿ ಕೆಲಸ ನೋಡ್ಕೊಳ್ಳಾಕ ಒಬ್ಬರು ಬೇಕು. ಯಾರ ಸಾಲು ಎಷ್ಟಾತು, ಗೊಬ್ಬರ ಎಷ್ಟು ಬಂತು. ತಿಂಗಳಾ ಪಗಾರ. ಗುರುವಾರದಿಂದ ಬಾ. ನಿಮ್ಮವ್ವ ಮನ್ಯಾಗ ಕುಂಡ್ರಲಿ."

"ಆಕಿ ಕಲಿಯಾಕತ್ತಾಳ್ರಿ," ಅಂದಳು ಅಲ್ಲವ್ವ.

"ಕಲತು? ಮತ್ತ ಎರಡು ವರ್ಷ ಕೈ ಖಾಲಿ. ಬಡತನ ಹೋಗೂದು ಹಂಗಲ್ಲ ಅಲ್ಲವ್ವಾ. ಕೈಯಾಗ ಬಂದದ್ದು ಹಿಡೀಬೇಕು. ನಿಮ್ಮ ಮಂದೀದು ಇದ ತಪ್ಪು ನೋಡ್ರಿ. ಮುಂದಿಂದ ವಿಚಾರ ಮಾಡಾಂಗಿಲ್ಲ. ಸರ್ಕಾರ ಪುಕ್ಕಟ ಅಕ್ಕಿ ಕೊಟ್ಟು ಇದ್ದ ಒಂದಿಷ್ಟು ಚಟವಟಿಕಿನೂ ಕೆಡಿಸೇತಿ. ಮ್ಯಾಲ ಗಂಡಸೂರು ಕುಡೀತಾರ."

"ನಮ್ಮ ರಾಜಪ್ಪಣ್ಣ ಚಾ ಸೈತ ಕುಡ್ಯಾಂಗಿಲ್ರಿ, ಪಿತ್ತ ಆಕ್ಕೈತಿ ಅಂತಾನ," ಅಂದಳು ಕಸ್ತೂರಿ. "ಮತ್ತ ಅಕ್ಕಿ ಪುಕ್ಕಟ ಬಂತಂತ ನಿಮ್ಮ ಹೊಲದ ಕಸ ತಾನ ಎದ್ದು ಹೋತೇನ್ರಿ? ನೀವು ಹಲ್ಲ ತಿಕ್ಕೂ ಹೊತ್ತಿಗೆ ನಾವು ಒಂದು ಸಾಲು ಮುಗಿಸಿರ್ತೇವಿ."

"ನಿನಗ ಅಂದಿಲ್ಲ ಕಸ್ತೂರಿ. ನೀ ದುಡೀತಿ. ದುಡಿಯಾವ್ರಿಗೆ ಎಂದೂ ಕಡಿಮಿ ಇಲ್ಲ."

"ಹಂಗಾದ್ರ ನನ್ನ ಮನಿ ತಗಡು ಯಾಕ ಸೋರತೈತ್ರಿ?"

ಕಿಶೋರ ಅದಕ್ಕೆ ಏನೋ ಹೇಳಲು ಬಾಯಿ ತೆರೆದ. ಅಷ್ಟರಲ್ಲಿ ಕೆಂಪವ್ವ, ಛತ್ರಿ ಮಡಚುತ್ತ, ಮಗನ ಪರವಾಗಿ ಅಂದಳು: "ಬಡತನ ಯಾರಿಗಿರಲಿಲ್ಲವಾ? ನಾವೂ ಬಡವರ ಇದ್ವಿ. ನಾವು ಮ್ಯಾಲ ಬರಾಕ ಯಾರು ಕೈ ಕೊಟ್ರು? ಯಾರೂ ಕೊಡಲಿಲ್ಲ. ಮೈಮುರದು ದುಡದ್ವಿ, ಬಂದ್ವಿ."

ನಾನು ರೊಟ್ಟಿ ಮುರಿಯುತ್ತಿದ್ದೆ. ಆ ಮಾತು ಕೇಳಿದಾಗ ಕಾಲುವೆಯ ಆಚೆಯ ಶೇಂಗಾ ಹೊಲ ನನ್ನ ಕಣ್ಣ ಮುಂದೆ ಬಂದು ನಿಂತಿತು. ಕೆಂಪವ್ವ ಆಗ ತುಂಬಿದ ಬಸುರಿ. ಹೊಟ್ಟೆಯಲ್ಲಿದ್ದವನು ಇದೇ ಕಿಶೋರ. ಕಾಲು ಬಾತು ಕುಂಬಳಕಾಯಿಯಾಗಿದ್ದವು. ಅವಳ ಎಡಕ್ಕೆ ನಾನು, ಬಲಕ್ಕೆ ಅಲ್ಲವ್ವನ ಅತ್ತೆ. ಆ ತಾಯಿ ಈಗ ಇಲ್ಲ. ಹೆರಿಗೆಯ ಹಿಂದಿನ ದಿನದವರೆಗೂ ಕೆಂಪವ್ವ ಸಾಲಲ್ಲಿ ಕುಳಿತು ಬರೀ ಕೈ ಆಡಿಸುತ್ತಿದ್ದಳು, ಸಂಜೆಗೆ ಪೂರ್ತಿ ಕೂಲಿ ಒಯ್ಯುತ್ತಿದ್ದಳು. ಯಾರೂ ಅವಳ ಮುಖ ನೋಡಲಿಲ್ಲ. ಇಷ್ಟು ವರ್ಷವಾದರೂ ಯಾರೂ ಆ ಮಾತು ಎತ್ತಲಿಲ್ಲ. ಅದಕ್ಕೇ ಅವಳ ಮಗನಿಗೆ ಅದು ಗೊತ್ತಿಲ್ಲ. ಬಹುಶಃ ಅವಳಿಗೂ ಅದು ಗೊತ್ತಿಲ್ಲದಂತೆಯೇ ಆಗಿಬಿಟ್ಟಿತ್ತು.

ನನಗೆ ಮಾತು ಕಡಿಮೆ. ಆದರೂ ಅಂದು ಕೇಳಿದೆ: "ಕೆಂಪವ್ವಾ, ಕಾಲುವಿ ಆಚಿ ಶೇಂಗಾ ಹೊಲ ನೆನಪೈತೇನ?"

ಅವಳ ಕೈಯಲ್ಲಿದ್ದ ಛತ್ರಿ ಅರ್ಧ ಮಡಚಿದ್ದು ಹಾಗೆಯೇ ನಿಂತಿತು. ನನ್ನನ್ನು ನೋಡಿದಳು. ಆಮೇಲೆ ಮಗನ ಕಡೆ ತಿರುಗಿ, "ಮಳಿ ಜೋರಾಕ್ಕೈತಿ, ನಾ ಹೊಕ್ಕೇನಿ," ಎಂದು ಎದ್ದು ಹೋದಳು. ಉಪ್ಪಿನಕಾಯಿಯ ಡಬ್ಬಿಯನ್ನೂ ಮರೆತು ಹೋದಳು.

ಮಧ್ಯಾಹ್ನದ ಕೆಲಸಕ್ಕೆ ಕುಳಿತಾಗ ಕಾಜಲ್ ಮೆಲ್ಲಗೆ ನನ್ನ ಬಳಿ ಸರಿದಳು.

"ಆಯಿ, ನಾ ಇಲ್ಲೇ ಕೆಲಸಕ್ಕ ಬರ್ತೇನಿ. ಅವ್ವಗ ಹೇಳ್ರಿ."

"ಯಾಕವಾ?"

"ಆಕೀನ್ನ ನೋಡ್ರಿ ನೀವ. ರಾತ್ರಿ ಹೊಳ್ಳಿ ಮಲಗಾಕ ಬರೂದಿಲ್ಲ ಆಕಿಗೆ. ಇಲ್ಲಿ ಅರ್ಧಾ ಪಗಾರ. ನಾ ಅಲ್ಲಿ ಬಿಳೇ ಅರಿವಿ ಹಾಕ್ಕೊಂಡು ಯಾರದೋ ಅವ್ವನ ಬಿ.ಪಿ. ನೋಡ್ಕೋತ ನಿಂದರ್ಲಿ?"

ಹುಡುಗಿಯ ಮಾತಿನಲ್ಲಿ ತಪ್ಪೇನೂ ಇರಲಿಲ್ಲ. ಕಿಶೋರನ ಹೊಲದಲ್ಲಿ ಅಲ್ಲವ್ವನ ಜಾಗ ಗಟ್ಟಿಯಾಗದ ಹೊರತು ಇವಳು ಹೋಗುವುದಿಲ್ಲ ಎಂಬುದು ನನಗೆ ಗೊತ್ತಾಯಿತು. ಸಂಜೆಯವರೆಗೆ ಕಸ ಕೀಳುತ್ತ ಅದನ್ನೇ ವಿಚಾರ ಮಾಡಿದೆ. ಹೊಲದ ಅರ್ಧ ಮುಗಿದಿತ್ತು. ಇನ್ನೂ ಅರ್ಧ ಉಳಿದಿತ್ತು. ಗುರುವಾರ ಗೊಬ್ಬರ ಹಾಕಿ ಮಣ್ಣು ಏರಿಸಬೇಕೆಂದು ಕಿಶೋರ ಟ್ರ್ಯಾಕ್ಟರಿನವನಿಗೆ ಹೇಳಿಯಾಗಿತ್ತು.

ಕೆಲಸ ಬಿಡುವ ಹೊತ್ತಿಗೆ ಅವನ ಹತ್ತಿರ ಹೋದೆ.

"ತಮ್ಮಾ, ಉಳಿದ ಹೊಲ ನಮಗ ಗುತ್ತಿಗಿ ಕೊಡು. ಇಡೀದಕ್ಕ ಒಂದ ರೇಟು. ಬುಧವಾರ ಹೊತ್ತು ಮುಳುಗೂದ್ರಾಗ ಮುಗಿಸಿ ಕೊಡ್ತೇವಿ. ಯಾರು ಎಷ್ಟು ಮಾಡಿದ್ರು ಅಂತ ನೀ ಕೇಳಬಾರ್ದು. ಗೂಟ ಕಿತ್ತು ಒಗಿ."

ಅವನು ನಕ್ಕ. "ಬುಧವಾರಕ್ಕ? ಅಲ್ಲವ್ವನ್ನ ಕಟಗೊಂಡು? ಶ್ರಾವಣ ಸೋಮವಾರ ಬ್ಯಾರೆ ನಡುವ ಬರತೈತಿ. ಆಯಿ, ನಿಮ್ಮ ವಯಸ್ಸಿಗೆ ನಾ ಏನೂ ಅನ್ನಾಂಗಿಲ್ಲ…"

"ಅನ್ನಬ್ಯಾಡ. ಕೊಡ್ತಿಯೋ ಇಲ್ಲೋ?"

"ಮುಗೀದಿದ್ರ?"

"ಮುಗೀದಿದ್ರ ಮುಂದಿನ ಕಸಕ್ಕ ನಾವು ಬರಾಂಗಿಲ್ಲ. ನೀ ಬೇಕಾದವ್ರನ್ನ ಕರ್ಕೋ. ಮುಗದ್ರ ಮಾತ್ರ ಈ ವರ್ಷದ ಕಸಾ ಎಲ್ಲಾ ನಮ್ಮ ಗುಂಪಿಗೆ, ಹಿಂಗ ಗುತ್ತಿಗಿ. ನಮ್ಮ ಗುಂಪಿನ್ಯಾಗ ಯಾರಿರಬೇಕು ಅನ್ನೂದು ನಮಗ ಬಿಟ್ಟದ್ದು."

ಕಿಶೋರ ಸ್ವಲ್ಪ ಹೊತ್ತು ಲೆಕ್ಕ ಹಾಕಿದ. ಮುಗಿದರೂ ಅವನಿಗೆ ನಷ್ಟವಿಲ್ಲ, ಮುಗಿಯದಿದ್ದರೆ ನಮ್ಮ ಕಾಟ ತಪ್ಪುತ್ತದೆ. ಆಗಲಿ ಅಂದ. ಕಾಜಲ್ ಅಲ್ಲಿಯೇ ನಿಂತಿದ್ದಳು. ನಾನು ಅವಳನ್ನು ಕೇಳಿದೆ: "ಬುಧವಾರ ಸಂಜಿಗೆ ಕಡೇ ಸಾಲು ಒಡ್ಡು ಮುಟ್ಟಿತು ಅಂದ್ರ, ನೀ ಗುರುವಾರ ಹೋಗಬೇಕು. ಒಪ್ಪಿಗಿ ಐತೇನ?"

"ಮುಟ್ಟದಿದ್ರ ನಾ ಇಲ್ಲೇ ಬರೂದ," ಅಂದಳು. ಹಟದಲ್ಲಿ ತಾಯಿಯದೇ ಅಚ್ಚು.

"ಮತ್ತೊಂದು," ಅಂದಳು ಅಲ್ಲವ್ವ. "ನೀ ಸಾಲಿಗೆ ಇಳೀಬಾರ್ದು. ನೀರು ಕೊಡು, ಚಾ ಕಾಸು, ಒಡ್ಡಿನ ಮ್ಯಾಲ ಕುಂಡ್ರು. ಕುರ್ಪಿ ಹಿಡದ್ರ ಕಾಲ ಮುರದೇನು."

ಟಂಟಂನಲ್ಲಿ ತಿರುಗಿ ಬರುವಾಗ ಜಗಳ ಹತ್ತಿತು. ಕಸ್ತೂರಿ ಮುಚ್ಚುಮರೆ ಮಾಡಲಿಲ್ಲ.

"ಆಯಿ, ನಿಮ್ಮ ಮಾತು ಎಂದೂ ಮೀರಿಲ್ಲ ನಾ. ಆದ್ರ ಗೂಟ ಹುಗದ ಮ್ಯಾಲ ನನಗ ಬಂದ ಪಗಾರ ನನ್ನ ಜನ್ಮದಾಗ ಬಂದಿರಲಿಲ್ಲ. ಗುತ್ತಿಗಿ ಅಂದ್ರ ಎಲ್ಲಾರಿಗೂ ಸಮ. ನನ್ನ ಎರಡು ಕೈ ದುಡದದ್ದು ನಾ ಯಾಕ ಹಂಚಬೇಕು?"

ಅಲ್ಲವ್ವ ಗಾಡಿಯ ಹೊರಗೆ ನೋಡುತ್ತ ಕುಳಿತಿದ್ದಳು. ಕಸ್ತೂರಿಯ ಮನೆಯ ತಗಡನ್ನು ನಾನೂ ನೋಡಿದ್ದೆ; ಮಳೆ ಬಂದರೆ ಅವಳು ಮಗುವನ್ನು ಮೂಲೆಯಿಂದ ಮೂಲೆಗೆ ಎತ್ತಿಕೊಂಡು ತಿರುಗುತ್ತಾಳೆ.

"ಹಂಚಬೇಕಂತ ನಾ ಹೇಳಾಂಗಿಲ್ಲವಾ," ಅಂದೆ. "ನಿನಗ ಸರಿ ಕಂಡದ್ದು ಮಾಡು."

ಅವಳು ಭಾನುವಾರ ಬಂದಳು. ಎಲ್ಲರಿಗಿಂತ ಮುಂದೆ ಮುಂದೆ ಕಿತ್ತಳು. ಸೋಮವಾರದಿಂದ ಬರಲಿಲ್ಲ. ಮೂಡಲಗಿ ಕಡೆ ಯಾರದೋ ಗೋವಿನಜೋಳಕ್ಕೆ ಹೆಚ್ಚಿನ ಕೂಲಿ ಕೊಡುತ್ತಾರೆಂದು ಹೋದಳಂತೆ. ಯಾರೂ ಅವಳನ್ನು ಬೈಯಲಿಲ್ಲ. ಆದರೆ ಅವಳಿದ್ದ ಸಾಲು ಹಲ್ಲು ಬಿದ್ದ ಬಾಯಿಯ ಹಾಗೆ ಕಾಣುತ್ತಿತ್ತು.

ಶ್ರಾವಣ ಸೋಮವಾರ ನಾವು ಕೆಲಸಕ್ಕೆ ಹೋಗುವವರಲ್ಲ. ಉಪವಾಸ ಮಾಡಿ, ಗುಡಿಗೆ ಹೋಗಿ, ಮನೆಯ ಸಾರಣೆ ಮಾಡುವ ದಿನ ಅದು. ಈ ಸೋಮವಾರ ಬೆಳಕು ಹರಿಯುವ ಮೊದಲೇ ಗುಡಿಯ ಹೊಸ್ತಿಲಿಗೆ ನೀರು ಹಾಕಿ, ಉಪವಾಸದಲ್ಲಿಯೇ ಹೊಲಕ್ಕೆ ಬಂದೆವು. ಟಂಟಂನವನು ಅಷ್ಟು ಬೇಗ ಬರಲು ಗೊಣಗಿದ, ಬಂದ. ಕಾಜಲ್ ಬೆಲ್ಲದ ಚಹಾ ಕಾಸಿ ಕೊಟ್ಟಳು. ಮಳೆ ನಿಂತು ನಿಂತು ಬರುತ್ತಿತ್ತು. ಹಸಿ ಮಣ್ಣಿನಲ್ಲಿ ಕಸ ಸುಲಭವಾಗಿ ಬರುತ್ತದೆ ಎಂದು ದೂರದಿಂದ ನೋಡುವವರಿಗೆ ಅನ್ನಿಸುತ್ತದೆ. ಆದರೆ ಬೇರಿಗೆ ಮುದ್ದೆ ಮಣ್ಣು ಅಂಟಿ ಬರುತ್ತದೆ. ಪ್ರತಿಯೊಂದನ್ನೂ ಝಾಡಿಸಬೇಕು, ಇಲ್ಲವಾದರೆ ಬಿದ್ದಲ್ಲಿಯೇ ಮತ್ತೆ ಚಿಗುರುತ್ತದೆ. ಸಂಜೆಗೆ ಮುಂಗೈ ಎತ್ತಲು ಬರುತ್ತಿರಲಿಲ್ಲ.

ಅಲ್ಲವ್ವನ ಎಡಕ್ಕೆ ನಾನು ಒಂದು ಗೇಣು ತೆಗೆಯುತ್ತಿದ್ದೆ. ಬಲಕ್ಕೆ ಕಸ್ತೂರಿ ಇರಬೇಕಾದ ಜಾಗ ಖಾಲಿ. ಅಲ್ಲವ್ವ ಚೀಲದ ಮೇಲೆ ಮೊಣಕಾಲೂರಿ ಸರಿಯುತ್ತಿದ್ದಳು. ಒಡ್ಡಿನ ಮೇಲಿದ್ದ ಕಾಜಲ್ ಎದ್ದು ನಿಲ್ಲುವುದು, ಕುಳಿತುಕೊಳ್ಳುವುದು, ಮತ್ತೆ ಎದ್ದು ನಿಲ್ಲುವುದು. ಒಮ್ಮೆ ಕಾಲು ಕೆಳಗಿಟ್ಟಳು.

"ಕಾಜಲ್!" ಎಂದು ಅಲ್ಲವ್ವ ತಲೆ ಎತ್ತದೆಯೇ ಗದರಿದಳು. ಹುಡುಗಿ ಕಾಲು ಮೇಲೆ ತೆಗೆದುಕೊಂಡಳು.

ಮಂಗಳವಾರ ಮಧ್ಯಾಹ್ನದ ಹೊತ್ತಿಗೆ ನನಗೆ ಧೈರ್ಯ ಕಡಿಮೆಯಾಗಿತ್ತು. ಉಳಿದ ಸಾಲು ನೋಡಿದರೆ ಬುಧವಾರಕ್ಕೆ ಮುಗಿಯುವ ಲಕ್ಷಣವಿರಲಿಲ್ಲ. ಬುತ್ತಿ ಉಂಡು ಮತ್ತೆ ಸಾಲಿಗೆ ಬಂದಾಗ ಅಲ್ಲವ್ವನ ಬಲಕ್ಕೆ ಯಾರೋ ಕುಳಿತಿದ್ದರು. ಇಳಕಲ್ ಸೀರೆಯ ನೆರಿಗೆ ಸೊಂಟಕ್ಕೆ ಸಿಕ್ಕಿಸಿಕೊಂಡು, ಛತ್ರಿಯನ್ನು ಪಕ್ಕದಲ್ಲಿ ಮಣ್ಣಿಗೆ ನೆಟ್ಟು, ಕೆಂಪವ್ವ ಕಸ ಕೀಳುತ್ತಿದ್ದಳು. ನಾನು ನನ್ನ ಸಾಲು ನೋಡಿಕೊಂಡು ಕುಳಿತೆ. ಅಲ್ಲವ್ವ ತನ್ನ ಸಾಲು ನೋಡಿಕೊಂಡಳು. ಯಾರೂ ಅವಳ ಮುಖ ನೋಡಲಿಲ್ಲ.

ಖರೆ ಹೇಳಬೇಕೆಂದರೆ ಅವಳು ಬಂದು ನಮಗೆ ಇನ್ನಷ್ಟು ಕೆಲಸವೇ ಆಯಿತು. ಮೊಣಕಾಲು ಮಡಚಲು ಬಾರದು, ಕೈ ಬಳಕೆ ತಪ್ಪಿತ್ತು. ಅಲ್ಲವ್ವನ ಸಾಲಿನದೊಂದು ಗೇಣು ತೆಗೆಯಹೋಗಿ ತನ್ನ ಸಾಲಿನಲ್ಲೇ ಹಿಂದೆ ಬಿದ್ದಳು. ಅವಳ ಬಲಕ್ಕಿದ್ದವಳು ಅವಳದೊಂದು ಗೇಣು ತೆಗೆಯಬೇಕಾಯಿತು. ಆಮೇಲೆ ಎಡಕ್ಕಿದ್ದ ಅಲ್ಲವ್ವನೂ ಕೈ ಚಾಚಿ, ಕೆಂಪವ್ವನ ಸಾಲಿನ ಅಂಚಿನ ಕಸ ಕಿತ್ತದ್ದನ್ನು ನಾನು ಕಂಡೆ.

ಕಿಶೋರ ಬೈಕಿನಿಂದ ಇಳಿದವನು ಓಡುತ್ತಲೇ ಬಂದ. "ಅವ್ವಾ! ಏನಿದು? ಏಳು ಮ್ಯಾಲ. ಮಂದಿ ನೋಡಿದ್ರ ಏನಂದಾರು?"

"ಇಲ್ಲಿ ಯಾರೂ ನೋಡಾಂಗಿಲ್ಲ," ಅಂದಳು ಕೆಂಪವ್ವ, ಕೈ ನಿಲ್ಲಿಸದೆ.

"ನಿನ್ನ ಮೊಣಕಾಲ…"

"ಮೊಣಕಾಲು ನಂದು. ನೀ ಗೊಬ್ಬರ ಇಳಿಸ್ಕೋ ಹೋಗು."

"ಗುತ್ತಿಗಿ ಕೊಟ್ಟೇನಿ ನಾ. ಮನಿಯಾವ್ರ ಕೈ ಹಚ್ಚಿದ್ರ ಹೆಂಗ?"

ಆಗ ನಾನು ತಿರುಗಿ ನೋಡಿದೆ. "ಯಾರು ಎಷ್ಟು ಮಾಡಿದ್ರಂತ ಕೇಳಬಾರ್ದು ಅಂತ ಮಾತಾಗೇತಿ, ತಮ್ಮಾ."

ಅವನು ನಿಂತು ಅವ್ವನ ತಲೆಯನ್ನೇ ನೋಡಿದ. ಶೇಂಗಾ ಹೊಲದ ಮಾತನ್ನು ಅವಳು ಹೇಳಲಿಲ್ಲ. ಹೇಳುವುದಿಲ್ಲ ಎಂದು ನನಗೆ ಗೊತ್ತಿತ್ತು. ನಾನೂ ಹೇಳಲಿಲ್ಲ. ಅವನು ಛತ್ರಿಯನ್ನು ಎತ್ತಿ, ಬಿಚ್ಚಿ, ಅವಳ ತಲೆಯ ಮೇಲೆ ಬರುವ ಹಾಗೆ ಮತ್ತೆ ಮಣ್ಣಿಗೆ ನೆಟ್ಟು ಹೋದ. ಅವಳು ಮುಂದೆ ಸರಿದಾಗ ಛತ್ರಿ ಹಿಂದೆಯೇ ಉಳಿಯಿತು.

ಬುಧವಾರ ಇನ್ನೂ ಕತ್ತಲಿರುವಾಗಲೇ ಬಂದೆವು. ಕೆಂಪವ್ವನಿಗೆ ಅಂದು ಏಳಲು ಆಗಲಿಲ್ಲವಂತೆ. ಮನೆಯಿಂದ ಒಂದು ಬುಟ್ಟಿ ಸಜ್ಜೆಯ ರೊಟ್ಟಿ, ಬದನೆಕಾಯಿ ಪಲ್ಯ ಕಳಿಸಿದ್ದಳು. ಉಣ್ಣಲು ಒಡ್ಡಿಗೆ ಹೋಗಲಿಲ್ಲ. ಸಾಲಿನಲ್ಲೇ ಕುಳಿತು, ಮಣ್ಣಿನ ಕೈಯನ್ನು ಸೆರಗಿಗೆ ಒರೆಸಿ, ರೊಟ್ಟಿಯನ್ನು ಸುರುಳಿ ಸುತ್ತಿ ತಿಂದೆವು. ಯಾರೋ ಹಾಡು ಎತ್ತಿದರು, ಎರಡು ನುಡಿಯಾಗುವಷ್ಟರಲ್ಲಿ ಉಸಿರು ಸಾಲದೆ ಬಿಟ್ಟರು. ಮಧ್ಯಾಹ್ನ ಮಳೆ ಪೂರ್ತಿ ನಿಂತಿತು. ಮೋಡ ಒಡೆದು ಬಿಸಿಲು ಬಿದ್ದು, ಅರಿಷಿಣದ ಎಲೆಗಳಿಂದ ಉಗಿ ಏಳತೊಡಗಿತು.

ಅಲ್ಲವ್ವ ಅಂದು ಎಲ್ಲಿಂದ ಬಲ ತಂದಳೋ ತಿಳಿಯದು. ಚೀಲ ಹರಿದುಹೋಗಿತ್ತು. ಬರಿಯ ಮಣ್ಣಿನ ಮೇಲೆ ಮೊಣಕಾಲೂರಿದಳು. ಒಮ್ಮೆ ಹೊಟ್ಟೆ ಹಿಡಿದುಕೊಂಡು ಮುಂದಕ್ಕೆ ಬಾಗಿ ಹಣೆಯನ್ನು ಮಣ್ಣಿಗೆ ಹಚ್ಚಿದಳು. ನಾನು ನನ್ನ ಕೈಯನ್ನು ಅವಳ ಸಾಲಿನೊಳಗೆ ಒಂದು ಗೇಣಿಗಿಂತ ಹೆಚ್ಚು ಚಾಚಿದೆ.

"ಗೇಣು ಅಷ್ಟ ಆಯಿ," ಅಂದಳು ಅವಳು, ಹಾಗೆ ಬಾಗಿದಲ್ಲಿಂದಲೇ. "ನಡುವಿಂದು ನಂದು."

ಆಮೇಲೆ ಎದ್ದು ಮತ್ತೆ ಕುರ್ಪಿ ಹಿಡಿದಳು.

ಹೊತ್ತು ಇಳಿದು ಬೇಲಿಯ ಜಾಲಿಮರದ ನೆರಳು ನಮ್ಮ ಸಾಲಿಗೆ ಬರುವ ಹೊತ್ತಿಗೆ ಕಡೆಯ ಪಟ್ಟಿ ಉಳಿದಿತ್ತು. ಕಸ ಕಿತ್ತು ಝಾಡಿಸುವ ಸಪ್ಪಳ ಮಾತ್ರ ಕೇಳಿಸುತ್ತಿತ್ತು, ಎಮ್ಮೆಗಳ ಹಿಂಡು ಮೇಯುವಾಗ ಬರುತ್ತದಲ್ಲ, ಹಾಗೆ. ಕಾಜಲ್ ಒಡ್ಡಿನ ಮೇಲೆ ನಿಂತಿದ್ದಳು. ಈಗ ಅವಳು ಕುಳಿತುಕೊಳ್ಳುವುದನ್ನೇ ಬಿಟ್ಟಿದ್ದಳು. ಕಿಶೋರನೂ ಬಂದು ನಿಂತಿದ್ದ. ಬೆಳಕಿದ್ದಾಗಲೇ ಸಾಲೆಲ್ಲ ಒಡ್ಡು ಮುಟ್ಟಿತು. ಒಬ್ಬರು ಮುಂದಿಲ್ಲ, ಒಬ್ಬರು ಹಿಂದಿಲ್ಲ. ಅಲ್ಲವ್ವ ತನ್ನ ಕಡೆಯ ಹಿಡಿ ಕಸವನ್ನು ಝಾಡಿಸಿ ಒಡ್ಡಿನ ಮೇಲೆ, ಮಗಳ ಕಾಲ ಹತ್ತಿರ, ಇಟ್ಟಳು. ಏಳಲು ಅವಳಿಗೆ ಆಗಲಿಲ್ಲ. ಎಡಬಲದ ನಾವಿಬ್ಬರು ಹಿಡಿದು ಎಬ್ಬಿಸಿದೆವು.

ಕಿಶೋರ ಹೊಲದ ಉದ್ದಕ್ಕೂ ಒಮ್ಮೆ ನಡೆದು ನೋಡಿ ಬಂದ. ಅವನ ಮುಖದಲ್ಲಿ ನಿಜವಾದ ಸಂತೋಷವಿತ್ತು.

"ನೋಡಿದ್ರ್ಯಾ ಆಯಿ? ನಾ ಹೇಳಿದ್ದು ಖರೆ ಆತು. ರೊಕ್ಕದ ಆಸೆ ಇದ್ರ ಎಂಥಾವ್ರೂ ದುಡೀತಾರ. ದಿನಗೂಲಿ ಅಂದ್ರ ಮೈಗಳ್ಳತನ ಬರತೈತಿ. ಇನ್ಮ್ಯಾಲ ಎಲ್ಲಾರಿಗೂ ಗುತ್ತಿಗೀನ ಕೊಡಬೇಕು."

ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿದರು. ಯಾರಿಗೋ ನಗು ತಡೆಯಲಿಲ್ಲ.

"ಮುಂದಿನ ಕಸ ಎಂದು, ತಮ್ಮಾ?" ಎಂದು ಕೇಳಿದೆ.

"ಇಪ್ಪತ್ತು ದಿನಕ್ಕ ಬರ್ರಿ."

"ಎಲ್ಲಾರೂ?"

"ಗುಂಪು ನಿಮ್ಮದು. ನಾ ಏನು ಕೇಳ್ಲಿ?" ಅಂದ. "ಅಲ್ಲವ್ವಗ ಚಲೋ ಚೀಲ ಒಂದು ಕೊಡ್ತೇನಿ, ಶೆಡ್ಡಿನ್ಯಾಗ ಅದಾವು," ಎಂದು ಸೇರಿಸಿದ.

ಅವನ ತಿಳಿವಳಿಕೆ ತಿದ್ದಲು ನನ್ನಲ್ಲಿ ಮಾತಿರಲಿಲ್ಲ. ಇದ್ದ ಒಂದು ಮಾತನ್ನು ಅವನ ಅವ್ವನ ಎದುರು ಆಗಲೇ ಖರ್ಚು ಮಾಡಿದ್ದೆ. ಅವನು ಏನು ತಿಳಿದುಕೊಂಡರೂ ಹೊಲ ನಮ್ಮ ಕೈಯಲ್ಲಿತ್ತು. ಅಲ್ಲವ್ವನ ಜಾಗ ಅವಳಿಗಿತ್ತು. ನಮಗೆ ಅಂದು ಬೇಕಾಗಿದ್ದದ್ದು ಅದು.

ಟಂಟಂನಲ್ಲಿ ಕಾಜಲ್ ಅವ್ವನ ಕೈಗಳನ್ನು ತನ್ನ ತೊಡೆಯ ಮೇಲೆ ಇಟ್ಟುಕೊಂಡು ಬೆರಳು ಬೆರಳು ತಿಕ್ಕುತ್ತಿದ್ದಳು.

"ಎಷ್ಟು ಗಂಟೇಕ ಬಸ್?" ಎಂದು ಅಲ್ಲವ್ವ ಕೇಳಿದಳು.

"ಆರೂವರಿ."

"ಬಿಳೇ ಅರಿವಿ ಒಣಗ್ಯಾವೇನ?"

"ಇಲ್ಲ. ಮಳ್ಯಾಗ ಎಲ್ಲಿ ಒಣಗ್ತಾವಬೇ."

"ಒಲಿ ಮ್ಯಾಲ ಹಗ್ಗಾ ಕಟ್ಟೂಣು," ಅಂದಳು ಅಲ್ಲವ್ವ, ಕಣ್ಣು ಮುಚ್ಚಿಕೊಂಡು. "ಬೆಳತನಕಾ ಒಣಗ್ತಾವು."

ಒಣಗಿದವೋ, ಹಸಿಯಲ್ಲಿಯೇ ತೊಟ್ಟಳೋ, ನಾನು ಕೇಳಲಿಲ್ಲ. ಗುರುವಾರ ಮುಂಜಾನೆ, ಘಟಪ್ರಭಾದ ಮೊದಲ ಬಸ್ಸಿಗೆ ಕಾಜಲ್ ಹೋದಳು.